ಒಂದು ಮುಚ್ಚಿ ಇನ್ನೊಂದು

ಕೌಲ್‌ಬಜಾರಿನ ನಮ್ಮ ಮನೆಗೆ ಎರಡೇ ಕೋಣೆ.
ಮುಂದಿನದರಲ್ಲಿ ಹೊಲಿಗೆ ಮಷೀನು,
ಕತ್ತರಿಸಿಟ್ಟ ಜೀನ್ಸಿನ ಗುಡ್ಡೆ,
ಗುಡ್ಡೆಯ ಮೇಲೆ ಗುಂಡಿ.

ಗುಂಡಿ ಅಂದರೆ ನಾಯಿ.
ಪ್ಯಾಂಟಿಗೆ ಬಡಿಯುವ ತಾಮ್ರದ ಗುಂಡಿಯ ಬಣ್ಣ.
ಅಪ್ಪ ಮುಧೋಳದ್ದೇ ಎಂದು
ತಂದುಕೊಟ್ಟ ಎರ್ರಿಸ್ವಾಮಿ ಆಣೆ ಇಟ್ಟಿದ್ದ.
ಅವ್ವ ಯಾವ ಓಣಿಯದು ಅಂದರೆ ನಕ್ಕಿದ್ದ.

ಗಿಣಿಗಳು ಬಂದದ್ದು ಆಮೇಲೆ.
ಹಸಿರು ಗಿಣಿ ಅಲ್ಲ, ಅದನ್ನು ಸಾಕಿದರೆ ಕೇಸು.
ಇವು ಬೂದಿ ಮೈಯ ಕಾಕಟೀಲ್ ಜೋಡಿ,
ಹಳದಿ ಜುಟ್ಟು, ಕೆನ್ನೆಗೆ ಕಾವಿ ಬೊಟ್ಟು.
ತಂಗಿ ಸುಂಕ್ಲಮ್ಮ ವರ್ಗವಾಗಿ ಹೋಗುವಾಗ
ಎರಡೇ ತಿಂಗಳಕ್ಕಾ, ಅಂತ ಇಟ್ಟು ಹೋದಳು.
ಇದು ಮೂರನೇ ಬೇಸಿಗೆ.

ಮೊದಲ ದಿನ ಗುಂಡಿ ಬೊಗಳಲಿಲ್ಲ.
ಬೊಗಳಿದ್ದರೆ ಚೆನ್ನಾಗಿತ್ತು.
ಮುಂಗಾಲು ಒಂದನ್ನು ಎತ್ತಿಕೊಂಡು
ಸೂಜಿಗೆ ದಾರ ಪೋಣಿಸುವವರ ಹಾಗೆ ನೋಡಿತು.

ದನದ ಆಸ್ಪತ್ರೆಯ ಡಾಕ್ಟರು ಹೇಳಿದರು:
"ಹಲ್ಲು ಹಚ್ಚಬೇಕಂತ ಇಲ್ಲಮ್ಮಾ,
ಪ್ರೀತಿಯಿಂದ ನೆಕ್ಕಿದ್ರೂ ಸಾಕು.
ನಾಯಿ ಎಂಜಲು ತಾಗಿದ ಹಕ್ಕಿ ಉಳಿಯೋದು ಕಷ್ಟ."
ಪ್ರೀತಿ ಅನ್ನುವ ಮಾತಿಗೆ ಅವತ್ತಿನಿಂದ
ನಾನು ಸ್ವಲ್ಪ ಹೆದರುತ್ತೇನೆ.

ಹಿಂದಿನ ಕೋಣೆಯಲ್ಲಿ
ನಾಗವೇಣಿಯ ತೊಟ್ಟಿಲು ಕಟ್ಟಿದ್ದ ಕೊಂಡಿಗೆ ಪಂಜರ ಬಿತ್ತು.
ಚಿಲಕಕ್ಕೆ ಹಳದಿ ದಾರದ ಏಳು ಸುತ್ತು.
ಮೇಲೆ ಹೊದಿಸಲು ಚಿಂದಿ ಜೀನ್ಸಿನ ಪರದೆ,
ಅದಕ್ಕೂ ಜಿಪ್ಪು, ಅದಕ್ಕೂ ಒಂದು ಜೇಬು
(ಜೇಬಿಲ್ಲದೆ ನನಗೆ ಏನನ್ನೂ ಹೊಲಿಯಲು ಬಾರದು).
ನಡುವಿನ ಬಾಗಿಲ ಮೇಲೆ, ಬಟ್ಟೆಗೆ ಗೆರೆ ಎಳೆಯುವ ಚಾಕಿನಲ್ಲಿ
ಮಗಳ ದುಂಡನೆಯ ಅಕ್ಷರ:
ಒಂದು ಮುಚ್ಚಿ ಇನ್ನೊಂದು.

ದಿನಕ್ಕೆ ಅರ್ಧ ಗಂಟೆ ಅವುಗಳ ಹಾರಾಟ.
ಆಗ ಗುಂಡಿಗೆ ಹೊರಗೆ, ಬೇವಿನ ಕೆಳಗೆ ಸರಪಳಿ.
ನಮಗೆ ಒಳಗೆ, ಫ್ಯಾನು ಆರಿಸಿ, ಬಳ್ಳಾರಿಯ ಬೆವರು.
ನವಣೆಯ ತೆನೆ ಹಿಡಿದು ಕೂತರೆ
ಬಂದು ಮೊಣಕಾಲ ಮೇಲೆ ಇಳಿಯುತ್ತವೆ.
ಅಷ್ಟು ಹಗುರ. ಹೆದರಿಕೆಗೆ ಅಷ್ಟೇ ತೂಕ.

ಒಂದು ಮಧ್ಯಾಹ್ನ ಕರೆಂಟು ಹೋಯಿತು.
ಮಷೀನಿನ ಸದ್ದು ನಿಂತ ಮೇಲೆ ಒಳಗಿನಿಂದ ಒಂದು ಸಿಳ್ಳೆ.
ಗುಂಡಿ ಎದ್ದು ನಡೆಯಿತು.
ಬಾಗಿಲು ತೆರೆದಿತ್ತು. ದಾರ ಬಿಚ್ಚಿತ್ತು.
ನಾನು ಓಡಿದಾಗ
ಗಂಡು ಗಿಣಿ ನೆಲದ ಮೇಲೆ, ಚೆಲ್ಲಿದ ನವಣೆ ಹೆಕ್ಕುತ್ತಾ;
ಎರಡು ಗೇಣು ದೂರ ನಾಯಿಯ ಮೂತಿ.

ಕೈಯಲ್ಲಿದ್ದ ಅಳತೆ ಕೋಲಿನಿಂದ ಹೊಡೆದೆ.
ಎರಡು ಸಲ. ಓಡಲಿಲ್ಲ ಅದು.
ಪಟ್ಟಿ ಹಾಕಿಸಿಕೊಳ್ಳುವಾಗ ತಗ್ಗಿಸುವ ಹಾಗೆ
ಕುತ್ತಿಗೆ ತಗ್ಗಿಸಿ ನಿಂತಿತ್ತು.

ಎರಡು ದಿನ ಬೇಕಾಯಿತು ನನಗೆ.
ವಾಷಿಂಗ್ ಯೂನಿಟ್ಟಿನಿಂದ ನೀಲಿ ಕೈಯ ಗಾದಿಲಿಂಗ
ಸಂಜೆ ಗೇಟಿನಲ್ಲಿ ಹಾಕುವ ಸಿಳ್ಳೆ ಅದು.
ಅವನಿನ್ನೂ ಕೆಲಸದಲ್ಲಿ. ಸಿಳ್ಳೆ ಮನೆಯಲ್ಲಿ.
ಗಿಣಿ ಕರೆದಿತ್ತು. ನಾಯಿ ಬಂದಿತ್ತು.
ಬಾಗಿಲು ಹಾಕದೆ ಬಿಟ್ಟವಳು
ಕೋಲು ಹಿಡಿದಿದ್ದಳು.

ಪಕ್ಕದ ಮನೆಯ ಹುಸೇನಮ್ಮ ಅಂದಳು,
"ಮುಟ್ಟಲಿಲ್ಲಲ್ಲ, ದೋಸ್ತಿ ಆಗ್ಯಾವ, ಬಿಡು ಒಟ್ಟಿಗೆ."
ಆಗಿರಬಹುದು. ಆದರೂ
ದಾರ ಈಗ ಹನ್ನೊಂದು ಸುತ್ತು.
ಏಟು ಬಿದ್ದ ಬೆನ್ನನ್ನು ರಾತ್ರಿ ಸವರುತ್ತೇನೆ,
ಚಿಲಕ ನೋಡಿ ಬಂದ ಮೇಲೆ.

ಗಾದಿಲಿಂಗ ಸಿಳ್ಳೆ ಬಿಟ್ಟ.
ಈಗ ಗೇಟಿಗೆ ಉಂಗುರದಿಂದ ಟಕ್ ಟಕ್, ಎರಡೇ ಸಲ.
ಗುಂಡಿ ಒಂದೇ ವಾರದಲ್ಲಿ ಕಲಿಯಿತು.

ನಿನ್ನೆ ರಾತ್ರಿ ಜಿಪ್ಪು ಎಳೆದು ದೀಪ ಆರಿಸಿದೆ.
ಜೀನ್ಸಿನ ಕತ್ತಲೆಯೊಳಗೆ ಯಾರೋ
ಕೊಕ್ಕಿನಿಂದ ಕಂಬಿಗೆ ಬಡಿದರು,
ಒಂದು ಸಲ,
ಸ್ವಲ್ಪ ಯೋಚಿಸಿ
ಇನ್ನೊಂದು.